ಹಳೆಯ ಲೆಗೋ ಟೆಕ್ನಿಕ್ ಸೆಟ್ ಕೊಳ್ಳುವ ಮುಂಚೆ ಇದನ್ನು ಓದಿ, ನಾನು ಮೋಸ ಹೋಗಿದ್ದೇನೆ

ನನಗೆ ಮೋಸ ಮಾಡಿದವನು ಮಾರಾಟಕ್ಕೆ ಹಾಕಿದ್ದ ಅದೇ ಫೋಟೋ ನಿನ್ನೆ ರಾತ್ರಿ ಮತ್ತೆ ಕಣ್ಣಿಗೆ ಬಿತ್ತು. ಅದೇ ಮೇಜು, ಅದೇ ಕಿಟಕಿಯ ಬೆಳಕು, ಕ್ರೇನ್ ಎತ್ತಿ ನಿಂತ ಅದೇ ಲಾರಿ. ಮಾರುವವನ ಹೆಸರು ಮಾತ್ರ ಬೇರೆ. ಹದಿನೈದು ದಿನದಿಂದ ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡಿದ್ದೆ. ಹೇಳೋಕೆ ನಾಚಿಕೆ ಆಗುತ್ತಿತ್ತು. ಆದರೆ ನಾನು ಸುಮ್ಮನಿದ್ದರೆ ಇನ್ನೊಬ್ಬರು ಬೀಳುತ್ತಾರೆ ಅಲ್ವಾ? ಅದಕ್ಕೇ ಬರೆಯುತ್ತಿದ್ದೇನೆ.

ಲೆಗೋ ಟೆಕ್ನಿಕ್ ಅಂದರೆ ಗೇರ್, ಮೋಟರ್ ಎಲ್ಲ ಜೋಡಿಸಿ ನಾವೇ ಕಟ್ಟುವ ಪ್ಲಾಸ್ಟಿಕ್ ಮಾದರಿಗಳು. ನಾನು ಕೊಂಡದ್ದು ಸೆಟ್ 42043. 2015ರ ಮರ್ಸಿಡಿಸ್ ಬೆಂಜ್ ಆರೋಕ್ಸ್ 3245 ಲಾರಿ. 2793 ಭಾಗಗಳು. ಗಾಳಿಯ ಒತ್ತಡದಿಂದ ಏಳುವ ಕ್ರೇನ್, ಸ್ಟೀರಿಂಗ್‌ಗೆ ಎಡಬಲ ತಿರುಗುವ ಎರಡು ಮುಂದಿನ ಆಕ್ಸಲ್, ಒಂದು ಎಲ್ (ದೊಡ್ಡ) ಮೋಟರ್. ಈ ಸೆಟ್ ಬಂದಾಗ ಕೊಳ್ಳಲು ಆಗಿರಲಿಲ್ಲ. ಆಮೇಲೆ ತಯಾರಿಕೆಯೇ ನಿಂತುಹೋಯಿತು. ವರ್ಷಗಟ್ಟಲೆ ಹುಡುಕಿದ್ದೆ. ಆ ಆಸೆಯೇ ನನ್ನನ್ನು ಕೆಡಿಸಿತು.

ಮಾರುವವನು ಮೊದಲ ದಿನ ತುಂಬಾ ಮರ್ಯಾದೆಯಿಂದ ಮಾತಾಡಿದ. "ಸರ್, 100% ಒರಿಜಿನಲ್. ನನ್ನ ಮಗ ಒಂದೇ ಸಲ ಕಟ್ಟಿದ್ದು. ಬಿಚ್ಚಿ ಕವರ್‌ಗೆ ಹಾಕಿಟ್ಟಿದ್ದೀನಿ. ಒಂದು ಪಿನ್ ಕೂಡ ಮಿಸ್ ಇಲ್ಲ." ನನಗೂ ಖುಷಿ. ಖುಷಿಯಲ್ಲಿ ಜಾಸ್ತಿ ಮಾತಾಡಿದೆ. ಹತ್ತು ವರ್ಷದಿಂದ ಕಟ್ಟುತ್ತಿದ್ದೇನೆ, ಎರಡು ಕಪಾಟು ತುಂಬ ಸೆಟ್ ಇದೆ ಅಂತೆಲ್ಲ ಹೇಳಿದೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಬೀಮ್ (ಸಾಲಾಗಿ ತೂತಿರುವ ಪಟ್ಟಿ, ತೂತಿಗೆ ಪಿನ್ ಹಾಕಿ ಜೋಡಿಸುವುದು) ಮತ್ತು ಗೇರ್‌ಗಳ ಹತ್ತಿರದ ಫೋಟೋ ಕೇಳಿದೆ. "ಸರ್, ಎಲ್ಲಾ ಪ್ಯಾಕ್ ಆಗಿಬಿಟ್ಟಿದೆ. ಇನ್ನಿಬ್ಬರು ಕೇಳ್ತಿದ್ದಾರೆ. ನಿಮಗೆ ಬೇಡ ಅಂದ್ರೆ ಹೇಳಿ." ಅಲ್ಲೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಪೂರ್ತಿ ಹಣ ಮುಂಚೆಯೇ ಕಳಿಸಿದೆ.

ಡಬ್ಬಿ ಬಂತು. ಭಾಗಗಳನ್ನು ಬಣ್ಣ, ಅಳತೆ ನೋಡಿ ಬೇರೆ ಮಾಡುತ್ತಿದ್ದಾಗ ಕೆಲವು ಬೀಮ್ ಜಾಸ್ತಿ ಹೊಳೆಯುತ್ತಿದ್ದವು. ಬೇರೆ ಬೇರೆ ಕಡೆ ಇಟ್ಟಿರಬಹುದು ಅಂದುಕೊಂಡೆ. ಬೂದು ಬಣ್ಣದ ಪಿನ್ ಸಲೀಸಾಗಿ ತಿರುಗಬೇಕು, ಅದಕ್ಕೇ ಅಲ್ವಾ ಬಿಗಿಯಾಗಿ ಹಿಡಿಯುವ ಕಪ್ಪು ಪಿನ್ ಬೇರೆ, ಬೂದು ಪಿನ್ ಬೇರೆ ಇರುವುದು. ಇಲ್ಲಿ ಬೂದು ಪಿನ್ ಕೂಡ ಬಿಗಿ. ಹೊಸದರ ಹಾಗೆ ಇದೆ, ಅದಕ್ಕೆ ಬಿಗಿ ಅಂದುಕೊಂಡೆ. ಏನೇ ಕಂಡರೂ ನಾನೇ ಒಂದು ಸಮಾಧಾನ ಹೇಳಿಕೊಂಡೆ.

ನಾಲ್ಕು ಸಂಜೆ ಕೂತು ಚಾಸಿ ಕಟ್ಟಿದೆ. ಕೈಯಿಂದ ತಿರುಗಿಸಿದರೆ ಗೇರ್ ಭಾರವಾಗಿ ತಿರುಗುತ್ತಿತ್ತು. ಆಕ್ಸಲ್ ಕಡ್ಡಿ ಜಾರದಂತೆ ಹಿಡಿಯುವ ಬುಷ್‌ಗಳನ್ನು ಗಟ್ಟಿಯಾಗಿ ಒತ್ತಿಬಿಟ್ಟಿದ್ದೇನೆ ಅಂತ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಸಡಿಲ ಮಾಡಿದೆ. ಮೋಟರ್ ಜೋಡಿಸಿ ಸ್ವಿಚ್ ಹಾಕಿದೆ. ಗುಂಯ್ ಅಂದಿತು. ನಿಂತಿತು. ಮತ್ತೆ ಹಾಕಿದೆ. ಒಳಗೆಲ್ಲೋ ಟಕ್ ಟಕ್ ಅಂತ ಹಲ್ಲು ಜಾರುವ ಸದ್ದು.

ಪೂರ್ತಿ ಬಿಚ್ಚಿದೆ. ಒಂದು ಆಕ್ಸಲ್ ತಿರುಚಿಕೊಂಡು ಹೋಗಿತ್ತು. ಇಷ್ಟು ಕಡಿಮೆ ಭಾರಕ್ಕೆ ಆಕ್ಸಲ್ ತಿರುಚುವುದನ್ನು ಇಷ್ಟು ವರ್ಷದಲ್ಲಿ ನಾನು ನೋಡಿಲ್ಲ. ಆಗ ಕಪಾಟಿನಿಂದ ನನ್ನದೇ ಒಂದು 15 ತೂತಿನ ಬೀಮ್ ತಂದು ಅವನು ಕಳಿಸಿದ ಬೀಮ್ ಪಕ್ಕದಲ್ಲಿಟ್ಟೆ. ಒಂದು ತೂತಿನಿಂದ ಮುಂದಿನದಕ್ಕೆ 8 ಮಿಮೀ. ಮೊದಲ ತೂತಿನ ನಡುವಿನಿಂದ ಕೊನೆಯದರ ನಡುವಿಗೆ 112 ಮಿಮೀ ಬರಬೇಕು. ಎರಡಕ್ಕೂ ಒಂದು ತುದಿಯಲ್ಲಿ ಪಿನ್ ಹಾಕಿದೆ. ಇನ್ನೊಂದು ತುದಿಯಲ್ಲಿ ತೂತುಗಳು ಕೂಡಲೇ ಇಲ್ಲ. ಪಿನ್ ಒಳಗೆ ಹೋಗಲೇ ಇಲ್ಲ.

ಭೂತಗನ್ನಡಿ ತಂದೆ. ಅಸಲಿ ಬೀಮ್ ಮೇಲೆ ಲೆಗೋ ಅಂತ ಸಣ್ಣ ಅಕ್ಷರ ಇದೆ. ಇದರ ಮೇಲೆ ಏನೂ ಇಲ್ಲ. ಮುಂದಿನದನ್ನು ನೋಡಿದೆ, ಏನೂ ಇಲ್ಲ. ಅದರ ಮುಂದಿನದು, ಏನೂ ಇಲ್ಲ. ರಾತ್ರಿ ಎರಡು ಗಂಟೆಯವರೆಗೆ ನೆಲದ ಮೇಲೆ ಕೂತು ಒಂದೊಂದೇ ನೋಡಿದೆ. ಕಣ್ಣಿಗೆ ಕಾಣುವ ಪ್ಯಾನೆಲ್, ಚಕ್ರ, ಮೋಟರ್ ಎಲ್ಲ ಅಸಲಿ. ಒಳಗೆ ಹೋಗಿ ಮುಚ್ಚಿಕೊಳ್ಳುವ ಬೀಮ್, ಪಿನ್, ಆಕ್ಸಲ್, ಗೇರ್ ನಕಲಿ. 600ಕ್ಕೂ ಜಾಸ್ತಿ. ಇದು ಮಗು ಆಡುವಾಗ ಕಲೆತದ್ದಲ್ಲ. ಕೂತು ಲೆಕ್ಕ ಹಾಕಿ ಬೆರೆಸಿದ್ದು. ಎರಡು ನ್ಯೂಮ್ಯಾಟಿಕ್ (ಗಾಳಿಯ ಒತ್ತಡದ) ಸಿಲಿಂಡರ್ ಕೂಡ ಗಾಳಿ ಬಿಡುತ್ತಿದ್ದವು.

ಬೀಮ್‌ಗಳ ಫೋಟೋ ಕಳಿಸಿದೆ. ನೋಡಿದ, ಎರಡು ದಿನ ಉತ್ತರ ಇಲ್ಲ. ಆಮೇಲೆ, "ಎಲ್ಲಾ ಪ್ಲಾಸ್ಟಿಕ್ಕೇ ಅಲ್ವಾ ಸರ್. ಸ್ವಲ್ಪ ಹೆಚ್ಚುಕಡಿಮೆ ಇರುತ್ತೆ." ಮೋಟರ್ ಓಡುತ್ತಿಲ್ಲ ಅಂದೆ. "ಬಿಗಿ ಇದ್ರೆ ಎಣ್ಣೆ ಹಾಕಿ." ಎಣ್ಣೆ! ಅಳತೆಯೇ ತಪ್ಪಿರುವ ಬೀಮ್‌ಗೆ ಎಣ್ಣೆ ಹಾಕಿ ಏನು ಮಾಡಲಿ? ಹಣ ವಾಪಸ್ ಕೇಳಿದೆ. ಆಗ ಸರ್ ಅನ್ನುವುದು ಹೋಯಿತು. "ನಿಮ್ಮ ಹತ್ರನೇ ಎರಡು ಕಪಾಟು ಇದೆ ಅಂದಿದ್ರಲ್ಲ. ನೀವೇ ಮಿಕ್ಸ್ ಮಾಡಿ ನನ್ನ ಮೇಲೆ ಹಾಕ್ತಿದ್ದೀರ."

ಹಣ ಹೋದದ್ದಕ್ಕಿಂತ ಈ ಮಾತು ಜಾಸ್ತಿ ಸುಟ್ಟಿತು. ಪ್ರೀತಿಯಿಂದ ಹೇಳಿಕೊಂಡ ಮಾತನ್ನೇ ತಿರುಗಿಸಿ ಹೊಡೆದ. ನನ್ನ ಕಪಾಟಿನಲ್ಲಿ ಒಂದು ನಕಲಿ ಪಿನ್ ಇಲ್ಲ. ಅದನ್ನು ಯಾರಿಗೆ ಹೇಗೆ ತೋರಿಸಲಿ? ಡಬ್ಬಿ ಬಿಚ್ಚುವಾಗ ವಿಡಿಯೋ ಮಾಡಿರಲಿಲ್ಲ. ಅವತ್ತೇ ಬ್ಲಾಕ್ ಮಾಡಿದ.

ಕಡಿಮೆ ಬೆಲೆಗೆ ಬೇಕು ಅಂತ ಗೊತ್ತಿದ್ದೇ ನಕಲಿ ಕೊಳ್ಳುವವರ ವಿಷಯ ನಾನು ಮಾತಾಡುತ್ತಿಲ್ಲ. ಅಸಲಿ ಅಂತ ಹೇಳಿ ಅಸಲಿಯ ದುಡ್ಡು ತೆಗೆದುಕೊಂಡು ನಕಲಿ ಕೊಡುವುದು ಬೇರೆ.

ಹತ್ತಿರದ ಫೋಟೋ ಕೊಡದವನ ಹತ್ತಿರ ಕೊಳ್ಳಬೇಡಿ. "ಇನ್ನಿಬ್ಬರು ಕೇಳ್ತಿದ್ದಾರೆ" ಅಂದರೆ ಅವರೇ ತಗೊಳ್ಳಲಿ ಅಂತ ಬಿಟ್ಟುಬಿಡಿ. ಒಂದು ಚೀಟಿಯಲ್ಲಿ ಅವತ್ತಿನ ತಾರೀಖು ಬರೆದು ಭಾಗಗಳ ಪಕ್ಕ ಇಟ್ಟು ಫೋಟೋ ಕಳಿಸಲು ಹೇಳಿ. ಡಬ್ಬಿ ಬಿಚ್ಚುವುದನ್ನು ವಿಡಿಯೋ ಮಾಡಿ. ಕಟ್ಟುವ ಮುಂಚೆ ಉದ್ದದ ಬೀಮ್‌ಗಳನ್ನು ನಿಮ್ಮದರ ಪಕ್ಕ ಇಟ್ಟು ನೋಡಿ. ನಿಮ್ಮ ಹತ್ತಿರ ಏನೇನಿದೆ ಅಂತ ಮಾರುವವನಿಗೆ ಹೇಳಲೇಬೇಡಿ.

ಆ ಫೋಟೋದಲ್ಲಿ ಕಿಟಕಿ ಎಡಗಡೆ ಇದೆ. ಲಾರಿಯ ಬಾಗಿಲಿನ ಸ್ಟಿಕ್ಕರ್ ಸ್ವಲ್ಪ ಓರೆ. ಯಾರಾದರೂ ಈಗಾಗಲೇ ಅದಕ್ಕೆ ಮುಂಗಡ ಕೊಟ್ಟಿದ್ದರೆ ಉಳಿದ ಹಣ ಕಳಿಸುವ ಮೊದಲು ನನಗೆ ತಿಳಿಸಿ. ಅವನ ಮೆಸೇಜ್ ಎಲ್ಲ ಇಟ್ಟುಕೊಂಡಿದ್ದೇನೆ, ಕೊಡುತ್ತೇನೆ.