ದಿನವೂ ರೈಲಿನಲ್ಲಿ ಓಡಾಡುವ ಇಂಜಿನಿಯರಿಂಗ್ ವಿದ್ಯಾರ್ಥಿಗೆ ಥಿಂಕ್‌ಪ್ಯಾಡ್ ಇ14

ಹಾಸ್ಟೆಲಿನಲ್ಲಿದ್ದು ಓದುವವರಿಗೂ ಮನೆಯಿಂದ ದಿನವೂ ಓಡಾಡಿ ಓದುವವರಿಗೂ ಒಂದೇ ಲ್ಯಾಪ್‌ಟಾಪ್ ಒಪ್ಪುವುದಿಲ್ಲ. ಹಾಸ್ಟೆಲಿನವರ ಲ್ಯಾಪ್‌ಟಾಪ್ ಹೆಚ್ಚಿನ ಹೊತ್ತು ಮೇಜಿನ ಮೇಲೆ, ಪ್ಲಗ್ಗಿನ ಪಕ್ಕದಲ್ಲೇ ಇರುತ್ತದೆ. ಓಡಾಡುವವರದು ಬೆಳಿಗ್ಗೆ ಬ್ಯಾಗು ಸೇರಿದರೆ ರೈಲು, ಸಿಟಿ ಬಸ್ಸು, ತರಗತಿ, ಲ್ಯಾಬು ಎಲ್ಲವನ್ನೂ ಹಾದು ಕತ್ತಲಾಗುವ ಹೊತ್ತಿಗೆ ಮನೆಗೆ ಬರುತ್ತದೆ. ಹೀಗಿದ್ದರೂ ಕೊಳ್ಳುವಾಗ ಪ್ರೊಸೆಸರ್ ಯಾವುದು, ಗ್ರಾಫಿಕ್ಸ್ ಕಾರ್ಡ್ ಎಷ್ಟು ಜಿಬಿ ಎಂಬ ಮಾತೇ ಮೊದಲಾಗುತ್ತದೆ. ತೂಕ, ಬ್ಯಾಟರಿ, ಚಾರ್ಜರ್ ಕೊನೆಯಲ್ಲಿ ಬರುತ್ತವೆ. ಓಡಾಡುವ ವಿದ್ಯಾರ್ಥಿಯ ಮಟ್ಟಿಗೆ ಈ ಕ್ರಮ ತಲೆಕೆಳಗಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ, ಮತ್ತು ಲೆನೊವೊ ಥಿಂಕ್‌ಪ್ಯಾಡ್ ಇ14 ಐದನೇ ಪೀಳಿಗೆಯ ಲ್ಯಾಪ್‌ಟಾಪನ್ನು ನಾನು ಇಲ್ಲಿ ಅಳೆಯುವುದು ಅದೇ ಕ್ರಮದಲ್ಲಿ.

ಇದನ್ನು ಬಳಸುತ್ತಿರುವವಳು ನನ್ನ ಅಕ್ಕನ ಮಗಳು. ಮದ್ದೂರಿನಿಂದ ಮೈಸೂರಿಗೆ ಪಾಸು ಮಾಡಿಸಿಕೊಂಡು ರೈಲಿನಲ್ಲಿ ಹೋಗಿಬಂದು ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್ ಓದುತ್ತಿದ್ದಾಳೆ. ಕೊಂಡದ್ದು ಎಎಂಡಿ ರೈಜನ್ 5 7530ಯು ಪ್ರೊಸೆಸರ್, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಇರುವ ಮಾದರಿ. ಹಬ್ಬದ ರಿಯಾಯಿತಿಯಲ್ಲಿ ₹60,000 ಒಳಗೆ ಬಂತು. ಹುಡುಕಾಟದ ಕಾಲದಲ್ಲಿ ಅಂಗಡಿಯವರೊಬ್ಬರು ಇಂಜಿನಿಯರಿಂಗ್ ಎಂದ ಕೂಡಲೇ ಗೇಮಿಂಗ್ ಲ್ಯಾಪ್‌ಟಾಪ್ ತೆಗೆದಿಟ್ಟು, ಇದಕ್ಕಿಂತ ಕಡಿಮೆಯದು ಕೊಂಡರೆ ಮೂರನೇ ವರ್ಷಕ್ಕೆ ಸಾಲುವುದಿಲ್ಲ ಎಂದರು. ಈ ಮಾತು ಬಹಳ ಮನೆಗಳಲ್ಲಿ ತಂದೆತಾಯಿಯರನ್ನು ಹೆದರಿಸುತ್ತದೆಯಾದ್ದರಿಂದ ಅದನ್ನೇ ಮೊದಲು ಪರಿಶೀಲಿಸುತ್ತೇನೆ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಮೊದಲ ವರ್ಷ ಸಾಮಾನ್ಯವಾಗಿ ಸಿ ಪ್ರೋಗ್ರಾಮಿಂಗ್ ಅಥವಾ ಪೈಥಾನ್, ಜೊತೆಗೆ ಕಂಪ್ಯೂಟರಿನಲ್ಲಿ ಇಂಜಿನಿಯರಿಂಗ್ ಡ್ರಾಯಿಂಗ್ ಬರುತ್ತದೆ. ಡ್ರಾಯಿಂಗಿಗೆ ಅನೇಕ ಕಡೆ ಬಳಸುವ ಸಾಲಿಡ್ ಎಡ್ಜ್ ತಂತ್ರಾಂಶದ ವಿದ್ಯಾರ್ಥಿ ಆವೃತ್ತಿ ಉಚಿತವಾಗಿ ಸಿಗುತ್ತದೆ, ಮತ್ತು ಆ ಮಟ್ಟದ ಪ್ರೊಜೆಕ್ಷನ್, ಡೆವಲಪ್‌ಮೆಂಟ್, ಐಸೊಮೆಟ್ರಿಕ್ ಚಿತ್ರಗಳಿಗೆ ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್ ಧಾರಾಳವಾಗಿ ಸಾಕು. ಎಲೆಕ್ಟ್ರಾನಿಕ್ಸ್‌ನಲ್ಲಿ ಮುಂದೆ ಬರುವ ಚಿಪ್ ವಿನ್ಯಾಸ ಬರೆಯುವ ಭಾಷೆಯಾದ ವೆರಿಲಾಗ್, 8051 ಎಂಬ ಮೈಕ್ರೊಕಂಟ್ರೋಲರ್ ಚಿಪ್ಪಿಗೆ ಪ್ರೋಗ್ರಾಂ ಬರೆಯುವ ಕೈಲ್, ಸಿಗ್ನಲ್ ಪ್ರೊಸೆಸಿಂಗಿಗೆ ಮ್ಯಾಟ್‌ಲ್ಯಾಬ್ ಇವೆಲ್ಲ ದುಡಿಸಿಕೊಳ್ಳುವುದು ಪ್ರೊಸೆಸರನ್ನೂ ರ‍್ಯಾಮನ್ನೂ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಇದ್ದರೂ ಬಹುಪಾಲು ಸುಮ್ಮನೆ ಕುಳಿತಿರುತ್ತದೆ. ಚಿಪ್ ವಿನ್ಯಾಸ ಕಲಿಸುವ ವಿಎಲ್‌ಎಸ್‌ಐ ಲ್ಯಾಬಿನ ಕೇಡೆನ್ಸ್‌ನಂತಹ ತಂತ್ರಾಂಶಗಳು ಕಾಲೇಜಿನ ಲೈಸೆನ್ಸಿನಲ್ಲಿ, ಅಲ್ಲಿನ ಲಿನಕ್ಸ್ ಯಂತ್ರಗಳಲ್ಲೇ ನಡೆಯುವುದರಿಂದ ಅವುಗಳ ಲೆಕ್ಕವನ್ನು ಸ್ವಂತ ಲ್ಯಾಪ್‌ಟಾಪಿನ ಮೇಲೆ ಹೊರಿಸಬೇಕಾಗಿಯೂ ಇಲ್ಲ. ಕಂಪ್ಯೂಟರ್ ಸೈನ್ಸ್‌ನವರು ಮಷಿನ್ ಲರ್ನಿಂಗ್ ಪ್ರಾಜೆಕ್ಟಿಗೆ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡು ಬೇಕೇ ಬೇಕು ಎನ್ನುವುದುಂಟು. ಗೂಗಲ್ ಕೊಲ್ಯಾಬ್, ಕ್ಯಾಗಲ್ ಎಂಬ ಎರಡೂ ಜಾಲತಾಣಗಳಲ್ಲಿ ಜಿಪಿಯು, ಅಂದರೆ ಗ್ರಾಫಿಕ್ಸ್ ಪ್ರೊಸೆಸರ್, ಮಿತಿಯೊಳಗೆ ಉಚಿತವಾಗಿ ಸಿಗುವುದರಿಂದ ಕಲಿಯುವ ಹಂತಕ್ಕೆ ಆ ಕೊರತೆ ಕಾಡುವುದಿಲ್ಲ. ಆರ್ಕಿಟೆಕ್ಚರ್ ಓದುತ್ತ ರೆಂಡರಿಂಗ್ ಮಾಡುವವರ ವಿಷಯ ಬೇರೆ. ಅವರಿಗೆ ಕಾರ್ಡು ನಿಜವಾಗಿಯೂ ಬೇಕು, ಅವರು ಈ ಲ್ಯಾಪ್‌ಟಾಪನ್ನು ಕೊಳ್ಳಬಾರದು. ಮೆಕ್ಯಾನಿಕಲ್‌ನಲ್ಲಿ ದೊಡ್ಡ ಅಸೆಂಬ್ಲಿ, ಆನ್ಸಿಸ್ ತಂತ್ರಾಂಶದ ವಿಶ್ಲೇಷಣೆ ಎಂದು ಆಸಕ್ತಿ ಬೆಳೆಸಿಕೊಂಡವರೂ ಕಾಲೇಜಿನ ಲ್ಯಾಬು ಸಂಜೆ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಎಂಬುದನ್ನು ವಿಚಾರಿಸಿಕೊಂಡ ಮೇಲೆ ನಿರ್ಧರಿಸುವುದು ಒಳ್ಳೆಯದು.

ಈಗ ತೂಕದ ವಿಷಯ. ಇ14ರ ತೂಕ ಕಂಪನಿ ಹೇಳುವಂತೆ 1.41 ಕೆ.ಜಿ.ಯಿಂದ ಆರಂಭವಾಗುತ್ತದೆ. 65 ವಾಟ್ ಚಾರ್ಜರನ್ನು ತಂತಿಯ ಸಮೇತ ಸೇರಿಸಿದರೂ ಹೆಗಲ ಮೇಲೆ ಬೀಳುವುದು 2 ಕೆ.ಜಿ.ಗಿಂತ ಕಡಿಮೆ. ಗೇಮಿಂಗ್ ಲ್ಯಾಪ್‌ಟಾಪ್‌ಗಳು ಸಾಮಾನ್ಯವಾಗಿ 2.2ರಿಂದ 2.5 ಕೆ.ಜಿ. ತೂಗುತ್ತವೆ, ಅವುಗಳ ಇಟ್ಟಿಗೆಯಂತಹ ಚಾರ್ಜರ್ ಅರ್ಧ ಕೆ.ಜಿ. ಮೀರುವುದು ಸಾಮಾನ್ಯ. ಸುಮಾರು ಒಂದು ಕೆ.ಜಿ.ಯ ಈ ವ್ಯತ್ಯಾಸ ಅಂಗಡಿಯ ಕೌಂಟರಿನಲ್ಲಿ ಎರಡೂ ಕೈಯಲ್ಲಿ ಎತ್ತಿ ನೋಡಿದಾಗ ಅಷ್ಟಾಗಿ ಅರಿವಿಗೆ ಬರುವುದಿಲ್ಲ. ಬೆಳಗಿನ ರೈಲಿನಲ್ಲಿ ಸೀಟು ಸಿಗದೆ, ಬ್ಯಾಗನ್ನು ಮುಂದಕ್ಕೆ ತಂದು ಎದೆಗೆ ಹಾಕಿಕೊಂಡು, ಒಂದು ಕೈಯಲ್ಲಿ ಮೇಲಿನ ಕಂಬಿ ಹಿಡಿದು ಮೈಸೂರಿನವರೆಗೆ ನಿಲ್ಲಬೇಕಾದಾಗ ಅದು ಪೂರ್ತಿ ಅರಿವಿಗೆ ಬರುತ್ತದೆ. ಅದೇ ಬ್ಯಾಗಿನಲ್ಲಿ ರೆಕಾರ್ಡ್ ಪುಸ್ತಕ, ಊಟದ ಡಬ್ಬಿ, ನೀರಿನ ಬಾಟಲಿ, ಲ್ಯಾಬ್ ಇದ್ದ ದಿನ ಬ್ರೆಡ್‌ಬೋರ್ಡು ಮತ್ತು ತಂತಿಗಳ ಡಬ್ಬ ಕೂಡ ಇರುತ್ತವೆ. ಭಾರದ ಲ್ಯಾಪ್‌ಟಾಪ್ ಕೊಂಡ ಆಕೆಯ ಸಹಪಾಠಿಗಳಲ್ಲಿ ಕೆಲವರು ಎರಡನೇ ಸೆಮಿಸ್ಟರಿನ ಹೊತ್ತಿಗೆ ಅದನ್ನು ಮನೆಯಲ್ಲೇ ಬಿಟ್ಟು ಬರತೊಡಗಿದರು; ಎಷ್ಟೇ ಶಕ್ತಿಯಿದ್ದರೂ ಮನೆಯಲ್ಲಿ ಉಳಿದ ಲ್ಯಾಪ್‌ಟಾಪ್ ಲ್ಯಾಬಿನಲ್ಲಿ ನೆರವಾಗದು.

ಬ್ಯಾಟರಿಯ ವಿಷಯದಲ್ಲಿ ಕೊಳ್ಳುವವರು ಮೋಸಹೋಗಲು ಬಹಳ ಅವಕಾಶವಿದೆ. ಇ14 ಹೊರಗಿನಿಂದ ಒಂದೇ ತರಹ ಕಂಡರೂ ಒಳಗೆ 47 ವಾಟ್-ಅವರ್ (ಬ್ಯಾಟರಿ ಹಿಡಿಯುವ ವಿದ್ಯುತ್ತಿನ ಅಳತೆ) ಅಥವಾ 57 ವಾಟ್-ಅವರ್, ಹೀಗೆ ಎರಡು ಬಗೆಯ ಬ್ಯಾಟರಿಯಲ್ಲಿ ಬರುತ್ತದೆ, ಮತ್ತು ಆನ್‌ಲೈನ್ ಜಾಹೀರಾತಿನ ದೊಡ್ಡ ಅಕ್ಷರಗಳಲ್ಲಿ ಈ ವಿವರ ಇರುವುದಿಲ್ಲ. ಲೆಕ್ಕ ಸರಳವಾದದ್ದು: ಲ್ಯಾಪ್‌ಟಾಪ್ ಸರಾಸರಿ ಎಷ್ಟು ವಾಟ್ ಎಳೆಯುತ್ತದೆಯೋ ಅದರಿಂದ ಬ್ಯಾಟರಿಯ ಅಂಕಿಯನ್ನು ಭಾಗಿಸಿದರೆ ಗಂಟೆಗಳು ಸಿಗುತ್ತವೆ. ಪಿಡಿಎಫ್ ಓದುವುದು, ಕೋಡ್ ಬರೆಯುವುದು ಮುಂತಾದ ಹಗುರ ಕೆಲಸಕ್ಕೆ 8 ವಾಟ್ ಎಂದಿಟ್ಟುಕೊಂಡರೆ 57ರ ಬ್ಯಾಟರಿ ಏಳು ಗಂಟೆ, 47ರದು ಆರು ಗಂಟೆಗಿಂತ ತುಸು ಕಡಿಮೆ ನಡೆಯುತ್ತದೆ. ಸಿಮ್ಯುಲೇಶನ್ ಹಚ್ಚಿ 25 ವಾಟ್ ಎಳೆಯತೊಡಗಿದರೆ ಎರಡೂ ಸುಮಾರು ಎರಡು ಗಂಟೆಗೆ ಇಳಿಯುತ್ತವೆ. ಬ್ಯಾಟರಿ ಹಳೆಯದಾದಂತೆ ಈ ಗಂಟೆಗಳು ಇನ್ನೂ ಕುಗ್ಗುತ್ತವೆ. ಕಾಯ್ದಿರಿಸದ ಬೋಗಿಯಲ್ಲಿ ಚಾರ್ಜಿಂಗ್ ಪಾಯಿಂಟನ್ನು ನೆಚ್ಚಿಕೊಳ್ಳುವಂತಿಲ್ಲ, ತರಗತಿಗಳಲ್ಲಿ ಪ್ಲಗ್ ಪಾಯಿಂಟು ಗೋಡೆಯ ಬದಿಯ ಒಂದೆರಡು ಬೆಂಚಿಗೆ ಮಾತ್ರ ಎಟುಕುತ್ತದೆ. ಆದ್ದರಿಂದ ಓಡಾಡುವವರು 57 ವಾಟ್-ಅವರ್ ಬ್ಯಾಟರಿಯನ್ನು ಹಟ ಹಿಡಿದು ಕೇಳಿ ಪಡೆಯಬೇಕು. ಲೆನೊವೊ ವ್ಯಾಂಟೇಜ್ ತಂತ್ರಾಂಶದಲ್ಲಿ ಚಾರ್ಜನ್ನು 80 ಪ್ರತಿಶತಕ್ಕೆ ನಿಲ್ಲಿಸಿ ಬ್ಯಾಟರಿಯ ಆಯುಷ್ಯ ಉಳಿಸುವ ಸೌಲಭ್ಯವಿದೆ. ರಜೆಯಲ್ಲಿ, ಇಡೀ ದಿನ ಪ್ಲಗ್ಗಿಗೆ ಸಿಕ್ಕಿಸಿ ಬಳಸುವಾಗ ಅದನ್ನು ಹಾಕಿಕೊಂಡು, ತರಗತಿ ಆರಂಭವಾಗುವ ಮೊದಲು ತೆಗೆದುಬಿಡುವುದು ಸರಿಯಾದ ಪದ್ಧತಿ.

ಚಾರ್ಜರ್ ಯುಎಸ್‌ಬಿ-ಸಿ ಬಗೆಯದು. ಅಗತ್ಯ ಬಿದ್ದಾಗ 65 ವಾಟ್ ಕೊಡಬಲ್ಲ, ಪವರ್ ಡೆಲಿವರಿ ಎಂಬ ಚಾರ್ಜಿಂಗ್ ಪದ್ಧತಿ ಇರುವ ಯಾವುದೇ ಒಳ್ಳೆಯ ಚಾರ್ಜರಿನಿಂದ ಚಾರ್ಜ್ ಮಾಡಬಹುದು, ಗೆಳತಿಯ ಚಾರ್ಜರನ್ನು ಸಾಲ ಪಡೆಯಬಹುದು. ಈ ಅನುಕೂಲದ ಹಿಂದೆಯೇ ಒಂದು ಅನನುಕೂಲವೂ ಇದೆ. ಎಎಂಡಿ ಮಾದರಿಯಲ್ಲಿ ಯುಎಸ್‌ಬಿ-ಸಿ ಪೋರ್ಟು ಇರುವುದು ಒಂದೇ, ಚಾರ್ಜ್ ಆಗುವುದೂ ಅದರಿಂದಲೇ. ದಿನಕ್ಕೆ ಹಲವು ಬಾರಿ ಸಿಕ್ಕಿಸಿ ತೆಗೆಯುವ ಆ ಪೋರ್ಟು ಸಡಿಲವಾದರೆ ಬದಲಿ ದಾರಿಯಿಲ್ಲ. ಚಾರ್ಜಿಗೆ ಹಾಕಿಟ್ಟು ತೊಡೆಯ ಮೇಲೆ ಓರೆಯಾಗಿ ಇಟ್ಟುಕೊಂಡಾಗ ತಂತಿಯ ತುದಿ ಬಾಗದಂತೆ ನೋಡಿಕೊಳ್ಳಬೇಕು. ಉಳಿದಂತೆ ಎರಡು ಸಾಮಾನ್ಯ ಯುಎಸ್‌ಬಿ ಪೋರ್ಟು, ಎಚ್‌ಡಿಎಂಐ, ಲ್ಯಾನ್ ಕೇಬಲಿನ ಪೋರ್ಟು ಇವೆ. ತೆಳ್ಳಗಿನ ಅನೇಕ ಲ್ಯಾಪ್‌ಟಾಪ್‌ಗಳು ಲ್ಯಾನ್ ಪೋರ್ಟನ್ನು ಬಿಟ್ಟುಬಿಟ್ಟಿವೆ. ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡನ್ನು ನೇರವಾಗಿ ಜೋಡಿಸುವವರಿಗೆ, ಲ್ಯಾಬಿನ ಜಾಲಕ್ಕೆ ಸೇರಿಕೊಳ್ಳುವವರಿಗೆ ಅದರ ಬೆಲೆ ಗೊತ್ತು.

ಕೀಬೋರ್ಡಿನ ಬಗ್ಗೆ ನನಗೆ ಒಳ್ಳೆಯ ಮಾತುಗಳೇ ಇವೆ. ಕೀಲಿಗಳು ನಡುವೆ ತುಸು ಗುಳಿ ಬಿದ್ದಂತಿದ್ದು ಬೆರಳು ತಾನಾಗಿ ಜಾಗ ಹಿಡಿಯುತ್ತದೆ, ಒತ್ತಿದ್ದು ಸ್ಪಷ್ಟವಾಗಿ ತಿಳಿಯುತ್ತದೆ. ಜಿ, ಎಚ್, ಬಿ ಕೀಲಿಗಳ ನಡುವೆ ಇರುವ ಕೆಂಪು ಗುಂಡಿಯನ್ನು ನೋಡಿ ಹೊಸಬರು ಹಳೆಯ ಕಾಲದ್ದೆಂದು ಬದಿಗಿಡುತ್ತಾರೆ. ಇಬ್ಬರ ನಡುವೆ ಇಕ್ಕಟ್ಟಾಗಿ ಕುಳಿತು ಬ್ಯಾಗಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುವಾಗ ಮೊಣಕೈ ಹಿಂದಕ್ಕೆ ಸರಿಸಿ ಟಚ್‌ಪ್ಯಾಡ್ ಮುಟ್ಟಲು ಜಾಗವಿರುವುದಿಲ್ಲ. ಆಗ ಬೆರಳನ್ನು ಕೀಲಿಗಳ ಮೇಲಿಂದ ಎತ್ತದೆ ಆ ಗುಂಡಿಯಿಂದಲೇ ಬಾಣವನ್ನು ನಡೆಸಬಹುದು. “ಮಾವ, ಟ್ರೈನಲ್ಲಿ ನಂಗೆ ಅದೊಂದೇ ಸಾಕು” ಎಂದು ಆಕೆ ಹೇಳಿದ್ದು ಹೊಗಳಿಕೆಗೆಂದಲ್ಲ, ಬಳಕೆಯಿಂದ ಬಂದ ಮಾತು. ಕೀಬೋರ್ಡು ಸ್ವಲ್ಪ ನೀರು ಚೆಲ್ಲಿದರೆ ತಡೆದುಕೊಳ್ಳುವಂತೆ ಮಾಡಿದ್ದಾರೆ, ಪರದೆ ಪೂರ್ತಿ ಹಿಂದಕ್ಕೆ ಮಲಗುತ್ತದೆ, ದೇಹ ಗಟ್ಟಿಯಾಗಿದೆ.

ಪರದೆಯ ವಿಷಯದಲ್ಲಿ ಮಾತ್ರ ಮೆಚ್ಚುವುದು ಕಷ್ಟ. 14 ಇಂಚಿನ, 1920x1200 ರೆಸಲ್ಯೂಶನ್ನಿನ ಪರದೆಯ ಎತ್ತರ ಸಾಮಾನ್ಯ ಅಗಲ ಪರದೆಗಿಂತ ಹೆಚ್ಚಿರುವುದರಿಂದ ಕೋಡಿನ ಇನ್ನೊಂದಿಷ್ಟು ಸಾಲುಗಳು ಒಟ್ಟಿಗೆ ಕಾಣುತ್ತವೆ, ಹೊಳಪಿಲ್ಲದ ಮೇಲ್ಮೈಯಿಂದ ಪ್ರತಿಬಿಂಬದ ಕಾಟ ಕಡಿಮೆ. ಆದರೆ 300 ನಿಟ್ಸ್ ಬೆಳಕು ಕಿಟಕಿ ಪಕ್ಕದ ಬಿಸಿಲಿಗೆ ಸಾಲದು. ಬಣ್ಣಗಳ ವ್ಯಾಪ್ತಿ ಎನ್‌ಟಿಎಸ್‌ಸಿ ಎಂಬ ಅಳತೆಯಲ್ಲಿ 45 ಪ್ರತಿಶತ ಮಾತ್ರ ಇರುವುದರಿಂದ ಫೋಟೊಗಳು ಪೇಲವವಾಗಿ ಕಾಣುತ್ತವೆ. ಅಲೆರೂಪಗಳನ್ನೂ ಸರ್ಕ್ಯೂಟುಗಳನ್ನೂ ನೋಡುವವರಿಗೆ ಇದರಿಂದ ತೊಂದರೆಯಿಲ್ಲ, ಡಿಸೈನ್ ಅಥವಾ ವಿಡಿಯೊ ಎಡಿಟಿಂಗ್‌ನಲ್ಲಿ ಆಸಕ್ತಿ ಇರುವವರಿಗೆ ಖಂಡಿತ ಇದೆ. ಈ ಬೆಲೆಗೆ ಇದಕ್ಕಿಂತ ಉತ್ತಮ ಪರದೆ ಕೊಡುವ ಲ್ಯಾಪ್‌ಟಾಪ್‌ಗಳು ಮಾರುಕಟ್ಟೆಯಲ್ಲಿವೆ ಎಂಬುದನ್ನೂ ಹೇಳಲೇಬೇಕು.

ಪ್ರೊಸೆಸರಿನ ಹೆಸರಿನಲ್ಲಿರುವ 7000 ಸರಣಿಯ ಅಂಕಿಯನ್ನು ನೋಡಿ ಅದು ತೀರ ಹೊಸದೆಂದು ತಿಳಿಯಬಾರದು. 7530ಯು 2023ರಲ್ಲಿ ಬಂದದ್ದಾದರೂ ಅದರ ಒಳಗಿರುವುದು 2020ರಲ್ಲಿ ಬಂದ ಝೆನ್ 3 ವಿನ್ಯಾಸ. ಅಂಕಿಗಳಲ್ಲಿ ಮೂರನೆಯದಾದ 3 ಅದನ್ನೇ ಸೂಚಿಸುತ್ತದೆ. ಆದರೂ ಆರು ಕೋರುಗಳ ಈ ಪ್ರೊಸೆಸರ್ ಪದವಿಯ ನಾಲ್ಕು ವರ್ಷಕ್ಕೆ ಸಾಕಾಗುವಷ್ಟು ಸಮರ್ಥವಾಗಿದೆ, ಬಿಸಿಯೂ ಕಡಿಮೆ. ನಾನು ಹೆಚ್ಚು ಬೆಲೆ ಕೊಡುವುದು ರ‍್ಯಾಮಿಗೆ. ಚಿಪ್ ವಿನ್ಯಾಸದ ತಂತ್ರಾಂಶವಾದ ವಿವಾಡೊ ಒಂದು ಕಡೆ, ಬ್ರೌಸರಿನಲ್ಲಿ ಹತ್ತಾರು ಟ್ಯಾಬು ಇನ್ನೊಂದು ಕಡೆ ತೆರೆದಾಗ 8 ಜಿಬಿಯ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ಈ ಮಾದರಿಯಲ್ಲಿ ಒಂದಷ್ಟು ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿದ್ದು, ಇನ್ನೊಂದು ಸ್ಲಾಟಿನಲ್ಲಿರುವುದನ್ನು ಬದಲಿಸಬಹುದಾಗಿದೆ. ಎರಡನೇ ಎಸ್‌ಎಸ್‌ಡಿಗೂ ಜಾಗವಿದೆ. ವಿವಾಡೊ ಮತ್ತು ಮ್ಯಾಟ್‌ಲ್ಯಾಬ್ ಎರಡೇ ಹತ್ತಾರು ಜಿಬಿ ನುಂಗುವುದರಿಂದ ಆ ಜಾಗ ಮುಂದೆ ಕೆಲಸಕ್ಕೆ ಬರುತ್ತದೆ. ಮುಂದಿನ ಆರನೇ ಪೀಳಿಗೆಯ ಇ14ರಲ್ಲಿ ರ‍್ಯಾಮಿನ ಎರಡೂ ಸ್ಲಾಟುಗಳು ಬದಲಿಸುವಂಥವಾಗಿರುವುದು ಒಳ್ಳೆಯ ಬೆಳವಣಿಗೆ, ಈಗ ಕೊಳ್ಳುವವರು ಅದನ್ನು ನೋಡಬಹುದು.

ಮ್ಯಾಕ್‌ಬುಕ್ ಏರ್ ಏಕಾಗಬಾರದು ಎಂದು ಕೇಳುವವರು ಬಹಳ. 13 ಇಂಚಿನದಾದರೆ ತೂಕ, ಬ್ಯಾಟರಿ ಎರಡರಲ್ಲೂ ಅದು ಇ14ಕ್ಕಿಂತ ಮೇಲು. ಕಂಪ್ಯೂಟರ್ ಸೈನ್ಸ್‌ನವರು ಹಣವಿದ್ದರೆ ನಿಶ್ಚಿಂತೆಯಿಂದ ಕೊಳ್ಳಬಹುದು. ಆದರೆ ಸಾಲಿಡ್ ಎಡ್ಜ್, ಸಾಲಿಡ್‌ವರ್ಕ್ಸ್, ವಿವಾಡೊ, ಸಿವಿಲ್‌ನವರ ಸ್ಟ್ಯಾಡ್ ಪ್ರೊ ತಂತ್ರಾಂಶಗಳಲ್ಲಿ ಯಾವುದೂ ಮ್ಯಾಕ್‌ಗೆ ಇಲ್ಲ. ಸ್ನ್ಯಾಪ್‌ಡ್ರ್ಯಾಗನ್ ಪ್ರೊಸೆಸರಿನ ವಿಂಡೋಸ್ ಲ್ಯಾಪ್‌ಟಾಪ್‌ಗಳೂ ಹಗುರವಾಗಿವೆ, ಬಹಳ ಹೊತ್ತು ನಡೆಯುತ್ತವೆ. ಅವುಗಳಲ್ಲಿ ಸಾಮಾನ್ಯ ತಂತ್ರಾಂಶಗಳು ನಡೆದರೂ ಲ್ಯಾಬಿನ ಬೋರ್ಡುಗಳಿಗೆ ಬೇಕಾದ ಡ್ರೈವರ್ ಆ ಪ್ರೊಸೆಸರಿಗೆಂದೇ ಬರೆದದ್ದಾಗಿರಬೇಕು, ಹಳೆಯ ಬೋರ್ಡುಗಳಿಗೆ ಅದು ಸಿಗದೆ ಹೋಗಬಹುದು. ಎಲೆಕ್ಟ್ರಾನಿಕ್ಸ್, ಎಲೆಕ್ಟ್ರಿಕಲ್ ಶಾಖೆಗಳವರು ಇಂಟೆಲ್ ಅಥವಾ ಎಎಂಡಿ ಬಿಟ್ಟು ಬೇರೆ ಕಡೆ ಹೋಗದಿರುವುದೇ ಸದ್ಯಕ್ಕೆ ಕ್ಷೇಮ.

ಕೊಳ್ಳುವಾಗ ವಾರಂಟಿಯನ್ನು ಬಿಲ್ಲಿನ ಜೊತೆಗೇ ಓದಿಕೊಳ್ಳಬೇಕು. ಸಾಮಾನ್ಯ ವಾರಂಟಿ ತಯಾರಿಕೆಯ ದೋಷಕ್ಕೆ ಮಾತ್ರ ಅನ್ವಯಿಸುತ್ತದೆ. ನೂಕುನುಗ್ಗಲಿನಲ್ಲಿ ಬ್ಯಾಗು ಬಿದ್ದು ಪರದೆ ಒಡೆದರೆ, ಬಾಟಲಿಯ ಮುಚ್ಚಳ ಸಡಿಲಾಗಿ ನೀರು ಇಳಿದರೆ ಅದಕ್ಕೆ ಸೇರುವುದಿಲ್ಲ. ಆಕಸ್ಮಿಕ ಹಾನಿಯ ರಕ್ಷಣೆಯನ್ನು ಪ್ರತ್ಯೇಕವಾಗಿ ಹಣ ಕೊಟ್ಟು ಪಡೆಯಬೇಕು, ಓಡಾಡುವವರಿಗೆ ಆ ಹಣ ದಂಡವಲ್ಲ.

ಅಷ್ಟು ಬಜೆಟ್ ಇಲ್ಲದವರು ₹30,000 ಸುಮಾರಿಗೆ ಹೆಸರಿಲ್ಲದ ಹೊಸ ಲ್ಯಾಪ್‌ಟಾಪ್ ಕೊಳ್ಳುವುದಕ್ಕಿಂತ, ಬೆಂಗಳೂರಿನ ಎಸ್‌.ಪಿ. ರಸ್ತೆಯಂತಹ ಕಡೆ ಬಿಲ್ಲು ಮತ್ತು ಲಿಖಿತ ವಾರಂಟಿ ಕೊಡುವ ಅಂಗಡಿಯಿಂದ ಕಚೇರಿಗಳಲ್ಲಿ ಬಳಸಿ ಬಿಟ್ಟ ಥಿಂಕ್‌ಪ್ಯಾಡ್ ಟಿ ಸರಣಿಯ ಲ್ಯಾಪ್‌ಟಾಪನ್ನು ಕೊಳ್ಳುವುದು ವಾಸಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರಿನಲ್ಲಿ ಮುಗಿದಿರುವುದರಿಂದ, ವಿಂಡೋಸ್ 11ಕ್ಕೆ ಅಧಿಕೃತ ಬೆಂಬಲವಿಲ್ಲದ, ಇಂಟೆಲ್‌ನ ಎಂಟನೇ ಪೀಳಿಗೆಗಿಂತ ಹಳೆಯದನ್ನು ಮುಟ್ಟಬಾರದು. ಟಿ480 ಹೆಚ್ಚಾಗಿ ಆ ಪೀಳಿಗೆಯದೇ (ಕೆಲವು ಏಳನೆಯದೂ ಇರುವುದರಿಂದ ನೋಡಿ ಕೊಳ್ಳಬೇಕು), ಅದರ ಹಿಂಬದಿಯ ಬ್ಯಾಟರಿಯನ್ನು ಸ್ಕ್ರೂ ಬಿಚ್ಚದೆ ಕೈಯಿಂದಲೇ ತೆಗೆದು ಬದಲಿಸಬಹುದು. ಹಣ ಕೊಡುವ ಮೊದಲು ಅಂಗಡಿಯಲ್ಲೇ ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆಸಿ, ಡಿಸೈನ್ ಕೆಪಾಸಿಟಿಯ (ಹೊಸದಿದ್ದಾಗಿನ ಸಾಮರ್ಥ್ಯ) ಪಕ್ಕದಲ್ಲಿ ಫುಲ್ ಚಾರ್ಜ್ ಕೆಪಾಸಿಟಿ (ಈಗ ಉಳಿದಿರುವ ಸಾಮರ್ಥ್ಯ) ಎಷ್ಟಿದೆ ಎಂದು ನೋಡಬೇಕು. ಅದು ಮುಕ್ಕಾಲು ಭಾಗಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿ ಹಾಕಿಕೊಡುವಂತೆ ಕೇಳಿ, ಒಪ್ಪದಿದ್ದರೆ ಮುಂದಿನ ಅಂಗಡಿಗೆ ಹೋಗಬೇಕು.