ವಾಷಿಂಗ್ಟನ್ನಿನಲ್ಲೊಂದು ಆಯ್ಕೆ ಪಟ್ಟಿ, ಮೂರನೇ ಮಹಡಿಯಲ್ಲಿ

ಧಾರವಾಡದ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕನಾಗಿ ನಿವೃತ್ತನಾದವನು ನಾನು. ತಾಲ್ಲೂಕು ಕಬಡ್ಡಿ ತಂಡದ ಆಯ್ಕೆಗೆ ಕೂತವರಿಗೆ ಗೊತ್ತಿರುತ್ತದೆ, ಹನ್ನೆರಡು ಹೆಸರು ಬರೆಯುವುದು ದೊಡ್ಡ ಕೆಲಸವಲ್ಲ, ಹದಿಮೂರನೆಯವನ ಅಪ್ಪನಿಗೆ ಉತ್ತರ ಕೊಡುವುದು ದೊಡ್ಡ ಕೆಲಸ. ಹೀಗಾಗಿ ಯಾರೇ ‘ಪ್ರಭಾವಿ ಐವತ್ತು’, ‘ಶ್ರೇಷ್ಠ ನೂರು’ ಎಂದು ಪಟ್ಟಿ ಹೊರಡಿಸಲಿ, ಹೆಸರು ಓದುವ ಮೊದಲು ಅವರ ಅಳತೆಗೋಲು ಯಾವುದು ಎಂದು ಹುಡುಕುವ ಚಟ ನನಗೆ. ಮೇರಿಲ್ಯಾಂಡಿನಲ್ಲಿರುವ ಮಗಳ ಮನೆಗೆ ಬಂದಾಗ ಅವಳು ಕರೆದುಕೊಂಡು ಹೋದದ್ದು ಅಂಥದ್ದೇ ಒಂದು ಪಟ್ಟಿಯೊಳಕ್ಕೆ.

ವಾಷಿಂಗ್ಟನ್ ಸ್ಮಾರಕದ ಮಗ್ಗುಲಲ್ಲಿ, ಮೂರು ಹಂತದ ಕಂಚು ಬಣ್ಣದ ಕಿರೀಟದಂತೆ ನಿಂತಿರುವ ಕಟ್ಟಡ ಅದು. ಆಫ್ರಿಕನ್ ಅಮೆರಿಕನ್ ಇತಿಹಾಸ ಮತ್ತು ಸಂಸ್ಕೃತಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯ. ಸ್ಮಿತ್ಸೋನಿಯನ್ ಸಂಸ್ಥೆಗೆ ಸೇರಿದ್ದು, 2016ರ ಸೆಪ್ಟೆಂಬರಿನಲ್ಲಿ ಬಾಗಿಲು ತೆರೆಯಿತು. ಹೆಚ್ಚಿನವರು ಮೊದಲು ನೆಲದಡಿಗೆ ಇಳಿಯುತ್ತಾರೆ. ದೊಡ್ಡ ಲಿಫ್ಟು ಕೆಳಗಿಳಿದಂತೆ ಹೊರಗಿನ ಗೋಡೆಯ ಮೇಲೆ ಇಸವಿಗಳು ಹಿಂದಕ್ಕೆ ಸರಿಯುತ್ತವೆ, ಹದಿನೈದನೆಯ ಶತಮಾನದವರೆಗೆ. ಅಲ್ಲಿಂದ ಗುಲಾಮರ ಸಾಗಣೆ, ಸಂಕೋಲೆ, ಅಂತರ್ಯುದ್ಧ, ನಾಗರಿಕ ಹಕ್ಕುಗಳ ಹೋರಾಟ ಎಂದು ಹತ್ತುತ್ತಾ ಬರುವಷ್ಟರಲ್ಲಿ ಕಾಲು ಸೋತಿರುತ್ತದೆ. ಕ್ರೀಡಾ ವಿಭಾಗವಿರುವುದು ಮೂರನೇ ಮಹಡಿಯಲ್ಲಿ. ಕೆಳಗಿನದನ್ನು ನೋಡದೆ ಮೇಲಿನದು ತಿಳಿಯುವುದಿಲ್ಲ ಎಂಬುದು ಮಗಳ ವಾದ. ಅವಳು ಹೇಳುವುದು ಸರಿಯೇ, ಆದರೆ ಅವಳ ಮಂಡಿಗೆ ಮೂವತ್ತೈದು ವರ್ಷ.

ಕ್ರೀಡಾ ವಿಭಾಗದಲ್ಲಿ ನಾನು ಬಹಳ ಹೊತ್ತು ನಿಂತದ್ದು ಒಂದೇ ಕಡೆ. 1968ರ ಮೆಕ್ಸಿಕೊ ಒಲಿಂಪಿಕ್ಸ್, 200 ಮೀಟರ್ ಓಟದ ವಿಜಯವೇದಿಕೆ, ಅದರ ಮೇಲೆ ಮೂರು ಪ್ರತಿಮೆ. ನಡುವೆ ಅಮೆರಿಕದ ಕಪ್ಪು ಓಟಗಾರ ಟಾಮಿ ಸ್ಮಿತ್, ವರ್ಣಭೇದದ ವಿರುದ್ಧ ಬಲಗೈ ಮುಷ್ಟಿ ಮೇಲಕ್ಕೆ. ಮೂರನೆಯ ಸ್ಥಾನದಲ್ಲಿ ಅದೇ ತಂಡದ ಕಪ್ಪು ಓಟಗಾರ ಜಾನ್ ಕಾರ್ಲೋಸ್, ಎಡಗೈ ಮುಷ್ಟಿ. ಇದ್ದದ್ದು ಒಂದೇ ಜೊತೆ ಕಪ್ಪು ಕೈಗವಸು, ಇಬ್ಬರೂ ಒಂದೊಂದನ್ನು ಹಾಕಿಕೊಂಡಿದ್ದರು. ಬೂಟು ಬಿಚ್ಚಿ ಬರೀ ಕಾಲುಚೀಲದಲ್ಲಿ ವೇದಿಕೆ ಹತ್ತಿದ್ದು ಬಡತನದ ಗುರುತಾಗಿ. ಆ ಓಟದಲ್ಲಿ ಸ್ಮಿತ್ 19.83 ಸೆಕೆಂಡಿನ ವಿಶ್ವದಾಖಲೆ ಬರೆದಿದ್ದರು. ಅದು ಎಷ್ಟು ಜನರಿಗೆ ನೆನಪಿದೆ? ಇಬ್ಬರನ್ನೂ ತಂಡದಿಂದ ಅಮಾನತು ಮಾಡಿ ಕ್ರೀಡಾಗ್ರಾಮದಿಂದ ಹೊರಗೆ ಕಳಿಸಿದ್ದು ಮಾತ್ರ ಲೋಕಕ್ಕೆಲ್ಲ ಗೊತ್ತು. ಪ್ರತಿಮೆಗಳ ಮುಂದೆ ನಿಂತು ಮುಷ್ಟಿ ಎತ್ತಿ ಫೋಟೊ ತೆಗೆಸಿಕೊಳ್ಳುವವರ ಸಾಲು ಕರಗುವುದಿಲ್ಲ.

ಎರಡನೆಯ ಸ್ಥಾನದಲ್ಲಿರುವ ಪೀಟರ್ ನಾರ್ಮನ್ ಆಸ್ಟ್ರೇಲಿಯಾದ ಬಿಳಿಯ. ಕೈ ಎತ್ತಿಲ್ಲ, ನೆಟ್ಟಗೆ ನಿಂತಿದ್ದಾರೆ. ಆದರೆ ಅಂದು ಉಳಿದಿಬ್ಬರು ಧರಿಸಿದ್ದ ಮಾನವ ಹಕ್ಕುಗಳ ಬಿಲ್ಲೆ ಅವರ ಎದೆಯ ಮೇಲೂ ಇತ್ತು. ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ವಿಶ್ವವಿದ್ಯಾಲಯದಲ್ಲಿರುವ ಇದೇ ದೃಶ್ಯದ ಪ್ರತಿಮೆಯಲ್ಲಿ ಅವರ ಜಾಗ ಖಾಲಿ. ನೋಡಲು ಬಂದವರು ಹತ್ತಿ ನಿಲ್ಲಲಿ ಎಂದು ಅವರೇ ಬಯಸಿದ್ದಂತೆ. ಇಲ್ಲಿ ನಾರ್ಮನ್ ಇದ್ದಾರೆ, ಅದೂ ಕಪ್ಪು ಜನರ ವಸ್ತುಸಂಗ್ರಹಾಲಯದ ನಡುವಿನಲ್ಲಿ. ಆಯ್ಕೆ ಮಾಡಿದವರ ಅಳತೆಗೋಲು ನನಗೆ ಅಲ್ಲಿ ಸಿಕ್ಕಿತು. ಮೈಬಣ್ಣವನ್ನಾಗಲಿ ಪದಕವನ್ನಾಗಲಿ ಅವರು ಎಣಿಸುತ್ತಿಲ್ಲ. ಆ ಕ್ಷಣದಲ್ಲಿ ಯಾರು ಯಾರ ಪಕ್ಕ ನಿಂತರು, ಅದಕ್ಕೆ ಏನು ತೆತ್ತರು ಎಂಬುದೇ ಅವರ ಲೆಕ್ಕ. 2006ರಲ್ಲಿ ನಾರ್ಮನ್ ತೀರಿಕೊಂಡಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಸ್ಮಿತ್ ಮತ್ತು ಕಾರ್ಲೋಸ್ ಇದ್ದರು.

ಪತ್ರಿಕೆಗಳ ಪಟ್ಟಿ ಇಷ್ಟು ಸಲೀಸಲ್ಲ. ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ 2003ರಲ್ಲಿ ಕ್ರೀಡೆಯ 101 ಪ್ರಭಾವಿ ಅಲ್ಪಸಂಖ್ಯಾತರನ್ನು ಆರಿಸಿತ್ತು. ಅದರಲ್ಲಿ ಆಟಗಾರರಷ್ಟೇ ಅಲ್ಲ, ಮಾಲೀಕರು, ವ್ಯವಸ್ಥಾಪಕರೂ ಇದ್ದರು. ಈ ‘ಅಲ್ಪಸಂಖ್ಯಾತ’ ಯಾರು? ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗಾದ ಎನ್‌ಬಿಎಯ ಆಟಗಾರರಲ್ಲಿ ಶೇಕಡಾ 70ರಷ್ಟು ಮಂದಿ ಕಪ್ಪು ಜನ. ಅಂಕಣದಲ್ಲಿ ನಿಂತು ನೋಡಿದರೆ ಅವರೇ ಬಹುಸಂಖ್ಯಾತರು. ತಂಡದ ಒಡೆತನದ ಕುರ್ಚಿಯಿಂದ ನೋಡಿದರೆ ಕಥೆಯೇ ಬೇರೆ: 2010ರಿಂದ 2023ರವರೆಗೆ ಷಾರ್ಲಟ್ ತಂಡದ ಬಹುಪಾಲು ಒಡೆತನ ಹೊಂದಿದ್ದ ಮೈಕೆಲ್ ಜೋರ್ಡನ್ ಆ ಲೀಗಿನಲ್ಲಿ ಅಂಥ ಏಕೈಕ ಕಪ್ಪು ಒಡೆಯ. ಇನ್ನು ಗಾಲ್ಫ್ ಆಟಗಾರ ಟೈಗರ್ ವುಡ್ಸ್ ಅವರನ್ನು ಯಾವ ಗುಂಪಿಗೆ ಸೇರಿಸುವುದು? ತಾಯಿ ಥಾಯ್ಲೆಂಡಿನವರು, ತಂದೆ ಕಪ್ಪು ಅಮೆರಿಕನ್. ತನ್ನನ್ನು ಬರೀ ಕಪ್ಪು ಆಟಗಾರನೆಂದು ಕರೆಯುವುದು ತನಗೆ ಒಪ್ಪಿಗೆಯಿಲ್ಲ ಎಂದು 1997ರಲ್ಲೇ ಟಿವಿಯಲ್ಲಿ ಹೇಳಿದವರು ಅವರು. ಪಟ್ಟಿ ಮಾಡುವವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಅಂಕಿಗಳ ಮೇಲೆ ಭಾರ ಹಾಕಿ ಕೂತರೂ ಗೆದ್ದೆವು ಎನ್ನುವಂತಿಲ್ಲ. ಬೇಸ್‌ಬಾಲಿನ ಜೀವಮಾನದ ಬ್ಯಾಟಿಂಗ್ ಸರಾಸರಿಯಲ್ಲಿ ಟೈ ಕಾಬ್ ಮೊದಲಿಗ ಎಂದು ಅಮೆರಿಕದ ಮಕ್ಕಳು ತಲೆಮಾರುಗಳ ಕಾಲ ಬಾಯಿಪಾಠ ಮಾಡಿದ್ದರು. 2024ರ ಮೇ ತಿಂಗಳಲ್ಲಿ, ಕಪ್ಪು ಆಟಗಾರರು ಪ್ರತ್ಯೇಕವಾಗಿ ಆಡುತ್ತಿದ್ದ ಹಳೆಯ ನೀಗ್ರೊ ಲೀಗುಗಳ ಅಂಕಿಗಳನ್ನು ಅಧಿಕೃತ ದಾಖಲೆಗೆ ಸೇರಿಸಿದರು, ಜೋಶ್ ಗಿಬ್ಸನ್ .372ರ ಸರಾಸರಿಯೊಡನೆ ಮೇಲಕ್ಕೆ ಬಂದರು. ಗಿಬ್ಸನ್ ಸತ್ತದ್ದು 1947ರ ಜನವರಿಯಲ್ಲಿ. ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಬಣ್ಣದ ಗೋಡೆ ಮುರಿದು ಬಿಳಿಯರ ಲೀಗಿನ ಅಂಗಳಕ್ಕೆ ಇಳಿದದ್ದು ಅದೇ ವರ್ಷದ ಏಪ್ರಿಲ್ 15ರಂದು. ಸತ್ತು ಎಪ್ಪತ್ತೇಳು ವರ್ಷಗಳ ಮೇಲೆ ಒಬ್ಬ ಆಟಗಾರ ಮೊದಲ ಸ್ಥಾನಕ್ಕೆ ಏರುತ್ತಾನೆಂದರೆ ಆ ಪಟ್ಟಿಯನ್ನು ಅಷ್ಟು ಕಾಲ ಯಾರು ಬರೆಯುತ್ತಿದ್ದರೆಂದು ನೀವೇ ಊಹಿಸಿ.

ಕುದುರೆ ಜೂಜಿನದ್ದು ಇನ್ನೂ ವಿಚಿತ್ರ. 1875ರ ಮೊದಲ ಕೆಂಟಕಿ ಡರ್ಬಿಯಲ್ಲಿ ಓಡಿದ 15 ಜಾಕಿಗಳಲ್ಲಿ, ಅಂದರೆ ಕುದುರೆ ಸವಾರರಲ್ಲಿ, 13 ಮಂದಿ ಕಪ್ಪು ಜನ. ಗೆದ್ದವರು ಆಲಿವರ್ ಲೂಯಿಸ್. ಮೊದಲ 28 ಡರ್ಬಿಗಳಲ್ಲಿ 15 ಕಪ್ಪು ಜಾಕಿಗಳ ಪಾಲಿಗೇ ಬಂದವು. ಹಣ, ಹೆಸರು ಹೆಚ್ಚಿದಂತೆ ಅವರನ್ನು ಮೆಲ್ಲಗೆ ಹೊರಕ್ಕೆ ತಳ್ಳಲಾಯಿತು. 1901 ಮತ್ತು 1902ರಲ್ಲಿ ಗೆದ್ದ ಜಿಮ್ಮಿ ವಿಂಕ್‌ಫೀಲ್ಡ್ ಬಳಿಕ ಒಬ್ಬ ಕಪ್ಪು ಜಾಕಿಯೂ ಅದನ್ನು ಗೆದ್ದಿಲ್ಲ. ವಿಂಕ್‌ಫೀಲ್ಡ್ ರಷ್ಯಾಕ್ಕೆ ಹೋಗಿ ಅಲ್ಲಿ ಹೆಸರು ಮಾಡಿದರು.

ಇಷ್ಟೆಲ್ಲ ಓದುತ್ತಿದ್ದರೆ ಧಾರವಾಡದವನಿಗೆ ಪಾಲ್ವಂಕರ್ ಬಾಲೂ ನೆನಪಾಗದೆ ಇರುತ್ತಾರೆಯೇ? 1870ರ ದಶಕದಲ್ಲಿ ನಮ್ಮೂರಿನಲ್ಲೇ ಹುಟ್ಟಿದ ದಲಿತ ಎಡಗೈ ಸ್ಪಿನ್ನರ್. ಪುಣೆಯ ಮೈದಾನದಲ್ಲಿ ಚೆಂಡು ಇವರ ಕೈಯಿಂದ ಬರಬಹುದಿತ್ತು, ಚಹಾ ಮಾತ್ರ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಮೇಲೆ ವಿಕೆಟ್ ಕಿತ್ತರು. ಹಿಂದೂ ತಂಡದ ನಾಯಕತ್ವ ಅವರಿಗೆ ಕೊನೆಗೂ ಸಿಗಲಿಲ್ಲ. ಅದು 1923ರಲ್ಲಿ ತಮ್ಮ ವಿಠ್ಠಲನಿಗೆ ಸಿಕ್ಕಿತು. ಆ ತಂಡ ಆಡುತ್ತಿದ್ದ ಮುಂಬಯಿಯ ಕ್ರಿಕೆಟ್ ಪಂದ್ಯಾವಳಿಯಲ್ಲಿ ತಂಡಗಳೇ ಧರ್ಮದ ಲೆಕ್ಕದಲ್ಲಿದ್ದವು. 1937ರಿಂದ ಕ್ರೈಸ್ತರು ಮೊದಲಾದವರನ್ನೆಲ್ಲ ಕೂಡಿಸಿ ‘ಉಳಿದವರು’ ಎಂಬ ತಂಡ ಕಟ್ಟಿದರು. ಆ ಉಳಿದವರ ಪರ ವಿಜಯ್ ಹಜಾರೆ 1943ರಲ್ಲಿ ತಂಡದ 387 ಓಟಗಳಲ್ಲಿ 309ನ್ನು ಒಬ್ಬರೇ ಹೊಡೆದರು. ನಮ್ಮ ಕಡೆಯ ಯಾವುದಾದರೂ ಊರಿನಲ್ಲಿ ಇಂಥದೊಂದು ಮಹಡಿ ಎದ್ದರೆ ಮೊದಲ ಗಾಜಿನ ಪೆಟ್ಟಿಗೆಯಲ್ಲಿ ನಾನು ಇಡುವುದು ಚೆಂಡನ್ನಲ್ಲ, ಆ ಕುಡಿಕೆಯನ್ನು.

ಮತ್ತೆ ಮೂರನೇ ಮಹಡಿಗೆ. ಇಲ್ಲಿ ಯಾರಿಗೂ ಅಂಕಿ ಹಾಕಿಲ್ಲ ನಿಜ. ಆದರೆ ಆಳೆತ್ತರದ ಪ್ರತಿಮೆ ಯಾರದು, ಪೆಟ್ಟಿಗೆಯೊಳಗಿನ ಒಂದು ವಸ್ತುವಿಗೆ ತೃಪ್ತಿಪಟ್ಟವರು ಯಾರು ಎಂದು ನೋಡಿದರೆ ಶ್ರೇಣಿ ತಾನಾಗಿ ಕಾಣುತ್ತದೆ. ಟೆನಿಸ್ಸಿನ ವಿಲಿಯಮ್ಸ್ ಸಹೋದರಿಯರಿಗೆ ಪ್ರತಿಮೆ, ಓಟಗಾರ ಜೆಸ್ಸಿ ಓವೆನ್ಸ್‌ಗೆ ಪ್ರತಿಮೆ. ಓಟ, ಉದ್ದಜಿಗಿತದ ಕಾರ್ಲ್ ಲೂಯಿಸ್ ತಮ್ಮ ಒಲಿಂಪಿಕ್ ಚಿನ್ನದ ಪದಕ ಒಂಬತ್ತನ್ನೂ ಇಲ್ಲಿಗೆ ಕೊಟ್ಟಿದ್ದಾರೆ. ಆದರೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಚಿನ್ನವಲ್ಲ, ಮುಹಮ್ಮದ್ ಅಲಿ ಇನ್ನೂ ಕ್ಯಾಷಿಯಸ್ ಕ್ಲೇ ಆಗಿದ್ದಾಗ ಅಭ್ಯಾಸದಲ್ಲಿ ತೊಡುತ್ತಿದ್ದ ಚರ್ಮದ ತಲೆಗವಚ. ವಿಯೆಟ್ನಾಂ ಯುದ್ಧಕ್ಕೆ ಹೋಗುವುದಿಲ್ಲ ಎಂದದ್ದಕ್ಕೆ 1967ರಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಅಖಾಡದಿಂದ ಹೊರಗುಳಿದ ಮನುಷ್ಯನ ತಲೆ ಅದರೊಳಗಿತ್ತು.

ನನಗೆ ಕಸಿವಿಸಿಯಾದದ್ದು ಒಂದು ಹೆಸರಿನ ವಿಷಯದಲ್ಲಿ. ಜೋರ್ಡನ್ 2016ರಲ್ಲಿ ಈ ಸಂಸ್ಥೆಗೆ 50 ಲಕ್ಷ ಡಾಲರ್ ಕೊಟ್ಟರು, ಕ್ರೀಡಾ ವಿಭಾಗದ ಒಂದು ಸಭಾಂಗಣಕ್ಕೆ ಅವರ ಹೆಸರಿದೆ. ಕೊಟ್ಟದ್ದು ದೊಡ್ಡ ಮನಸ್ಸು, ಆಟದಲ್ಲಿ ಅವರಿಗೆ ಸಾಟಿಯಿಲ್ಲ, ಎರಡೂ ಒಪ್ಪುವ ಮಾತೇ. ಆದರೆ ಆಡುತ್ತಿದ್ದ ದಿನಗಳಲ್ಲಿ ರಾಜಕೀಯದ ಗೊಡವೆಗೇ ಹೋಗದವರ ಹೆಸರು ಗೋಡೆಗೆ ಬಂತು, ಸರ್ವಸ್ವ ಪಣಕ್ಕಿಟ್ಟವರು ಪೀಠದ ಮೇಲೆ ನಿಂತರು. ದಾನಿಗಳ ಫಲಕ ನಮ್ಮ ದೇವಸ್ಥಾನದ ಫ್ಯಾನಿನ ರೆಕ್ಕೆಯ ಮೇಲೂ ಇರುತ್ತದೆ, ಬಿಡಿ. ನನ್ನನ್ನು ಕೇಳಿದ್ದರೆ ಆ ಸಭಾಂಗಣಕ್ಕೆ ಕರ್ಟ್ ಫ್ಲಡ್ ಹೆಸರು ಹೇಳುತ್ತಿದ್ದೆ. ಒಳ್ಳೆಯ ಫೀಲ್ಡರಿಗೆ ಕೊಡುವ ಗೋಲ್ಡ್ ಗ್ಲೋವ್ ಪ್ರಶಸ್ತಿಯನ್ನು ಏಳು ಬಾರಿ ಗೆದ್ದ ಬೇಸ್‌ಬಾಲ್ ಆಟಗಾರ. 1969ರಲ್ಲಿ ಅವರ ತಂಡ ಅವರನ್ನೊಂದು ಮಾತೂ ಕೇಳದೆ ಫಿಲಡೆಲ್ಫಿಯಾಕ್ಕೆ ದಾಟಿಸಿತು. ತಾನು ಮಾರಿ ಕೊಳ್ಳುವ ಆಸ್ತಿಯಲ್ಲ ಎಂದು ಪತ್ರ ಬರೆದು, ಹೋಗದೆ, ಮೊಕದ್ದಮೆ ಹೂಡಿದರು. 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ 5–3ರಿಂದ ಸೋತರು, ಅಷ್ಟರಲ್ಲಿ ಆಟವೂ ಮುಗಿದಿತ್ತು. ಮೂರೇ ವರ್ಷಗಳಲ್ಲಿ ಬೇರೆ ಆಟಗಾರರು ಹೂಡಿದ ವ್ಯಾಜ್ಯದಲ್ಲಿ, ತಮ್ಮ ತಂಡವನ್ನು ತಾವೇ ಆರಿಸಿಕೊಳ್ಳುವ ಅದೇ ಹಕ್ಕು ಸಿಕ್ಕಿತು. ಇಂದು ಕೋಟಿಗಟ್ಟಲೆ ಡಾಲರಿಗೆ ಸಹಿ ಹಾಕುವ ಪ್ರತಿ ಆಟಗಾರ, ಬಿಳಿಯನೇ ಇರಲಿ ಕರಿಯನೇ ಇರಲಿ, ಫ್ಲಡ್ ಅವರ ಋಣದಲ್ಲಿದ್ದಾನೆ. ಪ್ರಭಾವ ಎಂದರೆ ನನ್ನ ಮಟ್ಟಿಗೆ ಇಷ್ಟು.

ಹೋಗುವವರಿಗೆ ಎರಡು ಮಾತು. ಪ್ರವೇಶಕ್ಕೆ ಹಣವಿಲ್ಲ, ಆದರೆ ಸಮಯ ನಿಗದಿಯಾದ ಪಾಸನ್ನು ಆನ್‌ಲೈನಿನಲ್ಲಿ ಮುಂಚಿತವಾಗಿ ಪಡೆಯಬೇಕು. ಸ್ಮಿತ್ಸೋನಿಯನ್ ಅಥವಾ ಫೆಡರಲ್ ಟ್ರಯಾಂಗಲ್ ಮೆಟ್ರೊ ನಿಲ್ದಾಣದಿಂದ ನಡೆದೇ ಹೋಗಬಹುದು. ವಯಸ್ಸಾದವರು ಸಂಕೋಚವಿಲ್ಲದೆ ನೇರ ಮೂರನೇ ಮಹಡಿಗೆ ಹೋಗಿ, ಕೆಳಗಿನದನ್ನು ಊಟದ ಮೇಲೆ ಇಟ್ಟುಕೊಳ್ಳಿ. ಊಟಕ್ಕೆ ಒಳಗೇ ಸ್ವೀಟ್ ಹೋಮ್ ಕೆಫೆ ಇದೆ. ಕಪ್ಪು ಜನರ ಪ್ರಾಂತ್ಯವಾರು ಅಡುಗೆ ಅಲ್ಲಿನ ವಿಶೇಷ, ಹೆಚ್ಚಿನದು ಮಾಂಸಾಹಾರ. ನನ್ನಂಥ ಸಸ್ಯಾಹಾರಿಗಳು ಜೋಳದ ಬ್ರೆಡ್ಡಿನಲ್ಲಿ ಸುಧಾರಿಸಿಕೊಳ್ಳಬೇಕು. ಗೋವಿನಜೋಳದ್ದು, ಸ್ವಲ್ಪ ಸಿಹಿ. ಜೊತೆಗೆ ಒಂದಿಷ್ಟು ಶೇಂಗಾ ಚಟ್ನಿ ಇದ್ದಿದ್ದರೆ ಐದಕ್ಕೆ ಐದು ನಕ್ಷತ್ರ ಕೊಡುತ್ತಿದ್ದೆ.