ನೆಡುತೋಪೋ, ಹುಲ್ಲುಗಾವಲೋ?

ಬೀದರ್ ಕಡೆಯ ಹಳ್ಳಿಗಳಲ್ಲಿ ಸರ್ಕಾರಿ ಬಯಲಿನ ಮಾತು ಬಂದರೆ ಮೊದಲ ಸಲಹೆ ಒಂದೇ: ಗಿಡ ನೆಡಿ. ಅರಣ್ಯ ಸಮಿತಿಯಲ್ಲಿರುವವರು ಸ್ವಲ್ಪ ತಡೆದು ಯೋಚಿಸಿ.

ತೇಗದ ತೋಪಿನಿಂದ ಮುಂದೆ ಮರಮುಟ್ಟು ಸಿಗುತ್ತದೆ, ನಿಜ. ಆದರೆ ಅದಕ್ಕೆ ದಶಕಗಳು ಬೇಕು. ಜಂಬಿಟ್ಟಿಗೆ ಕಲ್ಲಿನ ಮೇಲಿನ ತೆಳು ಮಣ್ಣಿನಲ್ಲಿ ಮರ ದಪ್ಪವಾಗುವುದೂ ಕಷ್ಟ. ಸಸಿ ಬೇರೂರುವವರೆಗೆ ದನ ಬಿಡುವ ಹಾಗಿಲ್ಲ, ನೆರಳು ಬಂದ ಮೇಲೆ ಹುಲ್ಲೂ ಕಡಿಮೆ.

ಬಯಲನ್ನು ಹುಲ್ಲುಗಾವಲಾಗಿಯೇ ಉಳಿಸಿದರೆ ನಮ್ಮ ದೇವಣಿ ದನಕ್ಕೂ ಕುರಿಗೂ ಪ್ರತಿ ವರ್ಷ ಮೇವು. ಇಲ್ಲಿನ ಕೃಷ್ಣಮೃಗಕ್ಕೂ ಬೇಕಿರುವುದು ಬಯಲೇ. ಅದು ದೂರದಿಂದಲೇ ಅಪಾಯ ಕಂಡು, ಓಡಿ ಬದುಕುವ ಪ್ರಾಣಿ ಅಲ್ವಾ? ಒತ್ತಾಗಿ ಮರ ಬೆಳೆಸಿದರೆ ಅದರ ಮನೆಯನ್ನೇ ಕಿತ್ತುಕೊಂಡಂತೆ. ಆದರೆ ಸುಮ್ನೆ ಬಿಟ್ಟರೆ ಹುಲ್ಲು ಉಳಿಯುವುದಿಲ್ಲ. ಮಳೆಗಾಲದಲ್ಲಿ ಒಂದು ಭಾಗವನ್ನು ಮುಚ್ಚಿಡಬೇಕು. ಹುಲ್ಲು ಬೀಜ ಉದುರಿಸಿದ ಮೇಲೆ ದನ ಬಿಡಬೇಕು. ಮುಂದಿನ ವರ್ಷ ಇನ್ನೊಂದು ಭಾಗ. ಈ ಕಟ್ಟುಪಾಡನ್ನು ಕುರಿಗಾಹಿಗಳ ಜೊತೆ ಕೂತೇ ಮಾಡಿ.

ಚಿಂಚೋಳಿಯಲ್ಲಿ ಮಾತು ಬೇರೆ. ಅಲ್ಲಿರುವುದು ಹಳೆಯ ಎಲೆಯುದುರುವ ಕಾಡು, 2011ರಿಂದ ವನ್ಯಜೀವಿ ಧಾಮ. ಅಲ್ಲಿ ಮರಗಳೇ ಉಳಿಯಬೇಕು. ತೆರೆದ ಬಯಲಿಗಾದರೆ ನನ್ನ ಮತ ಹುಲ್ಲಿಗೆ. ಮರ ಬೇಕೇ ಬೇಕೆಂದರೆ ಊರಂಚಿನಲ್ಲಿ, ಹಳ್ಳದ ದಂಡೆಯಲ್ಲಿ ಹೊಂಗೆ, ಬೇವು ನೆಡಿ.